ನಾಲ್ಕನೇ ಬೆಂಚಿಗೆ ಬಿದ್ದ ಕಾಯಿನೀರು

ಮುರಿಯುವುದನ್ನು ಕಾಯುತ್ತ ಕೂರಲು ಸಂಬಳ ಕೊಡುವ ಕೆಲಸಗಳು ಪ್ರಪಂಚದಲ್ಲಿ ಹೆಚ್ಚಿಲ್ಲ. ಚಿಕ್ಕಬಾಣಾವರದ ಶ್ಯಾಮಣ್ಣನಿಗೆ ಅಂಥದ್ದೊಂದು ಸಿಕ್ಕಿತ್ತು. ಪೀಣ್ಯ ಎರಡನೇ ಹಂತದಲ್ಲಿ ಕಾರಿನ ಇಂಜಿನ್ನುಗಳಿಗೆ ಟೈಮಿಂಗ್ ಬೆಲ್ಟ್ ಮಾಡುವ ಕಾರ್ಖಾನೆಯೊಂದಿದೆ. ಅಲ್ಲಿ ಹೊಸ ಬೆಲ್ಟನ್ನು ಟೆಸ್ಟ್ ಬೆಂಚಿಗೆ ಹಾಕಿ, ಮೋಟಾರು ಚಾಲೂ ಮಾಡಿ, ಅದು ಕಿತ್ತುಹೋಗುವವರೆಗೆ ಪಕ್ಕದಲ್ಲಿದ್ದು, ಕಿತ್ತ ಗಂಟೆಯನ್ನು ಪುಸ್ತಕದಲ್ಲಿ ಬರೆಯುವುದು ಅವನ ಉದ್ಯೋಗ. ಇಪ್ಪತ್ತೇಳು ವರ್ಷ ಇದನ್ನೇ ಮಾಡಿದ. ಬೆಲ್ಟ್ ಬೇಗ ಕಿತ್ತರೆ ಇಂಜಿನಿಯರುಗಳು ಮುಖ ಹುಳ್ಳಗೆ ಮಾಡುತ್ತಿದ್ದರು. ತೀರಾ ತಡವಾಗಿ ಕಿತ್ತರೆ ರಬ್ಬರು ದಂಡವಾಯಿತೆಂದು ಆಗಲೂ ಹುಳ್ಳಗೆ ಮಾಡುತ್ತಿದ್ದರು. ಹೇಳಿದ ಗಂಟೆಗೆ ಸರಿಯಾಗಿ ಸಾಯುವುದೇ ಒಳ್ಳೆಯ ಬೆಲ್ಟಿನ ಲಕ್ಷಣ ಎಂಬುದು ಅವನಿಗೆ ಅರ್ಥವಾಗಲು ಮೂರು ವರ್ಷ ಹಿಡಿಯಿತು.

ಅವನದು ಬೇಸಾಯದ ಮನೆತನ. ತಾತನ ಕಾಲಕ್ಕೆ ರಾಗಿ, ಅವರೆ ಬೆಳೆಯುತ್ತಿದ್ದ ನೆಲ ಇವನ ಕಾಲಕ್ಕೆ ಲೇಔಟ್ ಆಗಿ, ಉಳಿದ ಮೂಲೆಯಲ್ಲಿ ಸಾಲಾಗಿ ಆರು ಬಾಡಿಗೆ ಮನೆಗಳು ಎದ್ದಿದ್ದವು. ದಾಯಾದಿಗಳೆಲ್ಲ ಬಿಳಿ ಷರಟು ಹಾಕಿಕೊಂಡು ಟೀ ಅಂಗಡಿ ಮುಂದೆ ರಾಜಕೀಯ ಮಾತಾಡುತ್ತಿದ್ದರೆ, ಶ್ಯಾಮಣ್ಣ ಮಾತ್ರ ಐಟಿಐ ಮಾಡಿದ ತಪ್ಪಿಗೆ ದಿನಾ ಬೆಳಗ್ಗೆ ಊಟದ ಡಬ್ಬಿ ಹಿಡಿದು ಪೀಣ್ಯಕ್ಕೆ ಹೊರಡುತ್ತಿದ್ದ. ‘ಮನೇಲಿ ಕೂತ್ಕೊಂಡ್ರೆ ಯಾರು ಬ್ಯಾಡ ಅಂತಾರೆ?’ ಎಂದು ಹೆಂಡತಿ ಭದ್ರಮ್ಮ ಕೇಳಿದರೆ, ‘ನಾನು ಓಗ್ದಿದ್ರೆ ಬೆಲ್ಟು ಸತ್ತದ್ದು ಯಾರಿಗೆ ಗೊತ್ತಾಗ್ತದೆ?’ ಎನ್ನುತ್ತಿದ್ದ. ಭದ್ರಮ್ಮನಿಗೆ ಇದು ಉತ್ತರ ಎನಿಸಿರಲಿಲ್ಲ. ಆದರೆ ಬಾಡಿಗೆ ಮನೆಗಳ ಯಜಮಾನಿಕೆ ಪೂರ್ತಿ ತನ್ನ ಕೈಯಲ್ಲೇ ಉಳಿದದ್ದರಿಂದ ಅವಳು ಹೆಚ್ಚು ಎಳೆಯಲಿಲ್ಲ.

ಬೆಲ್ಟಿನ ಕೆಲಸವನ್ನು ಯಾರು ಕೇಳಿದರೂ ಅವನು ಒಂದೇ ರೀತಿ ವಿವರಿಸುತ್ತಿದ್ದ. ಇಬ್ಬರು ಹೆಂಗಸರು ಒಂದೇ ಒರಳಿಗೆ ಒನಕೆ ಹಾಕುವುದನ್ನು ನೋಡಿದ್ದೀರಲ್ಲ? ಒಬ್ಬಳದು ಎದ್ದಾಗ ಇನ್ನೊಬ್ಬಳದು ಬೀಳಬೇಕು. ಇಂಜಿನ್ನಿನೊಳಗೆ ಪಿಸ್ಟನ್ನು, ವಾಲ್ವು ಹಾಗೆಯೇ. ಇಬ್ಬರ ಲಯ ಹಿಡಿದಿರುವುದು ಬೆಲ್ಟು. ಅದು ಕಿತ್ತರೆ ಒನಕೆಗೆ ಒನಕೆ ಬಡಿದು ಒಂದು ಕ್ಷಣದಲ್ಲಿ ಇಂಜಿನ್ನು ಗುಜರಿ.

ಹಾಗಿದ್ದರೆ ಕಿತ್ತೇಹೋಗದಂಥದ್ದನ್ನು ಹಾಕಬಾರದೇ? ಹಾಕಬಹುದು, ಚೈನು ಇದೆ. ಅದು ಕಾರಿನಷ್ಟೇ ಕಾಲ ಬಾಳುತ್ತದೆ. ಆದರೆ ಭಾರ, ಖರ್ಚು, ಜತೆಗೆ ಗರಗರ ಸದ್ದು. ರಬ್ಬರಿನ ಬೆಲ್ಟು ಹಗುರ, ಅಗ್ಗ, ಮೌನಿ. ಆದರೆ ಇಷ್ಟು ಸಾವಿರ ಕಿಲೋಮೀಟರಿಗೆ ಬದಲಾಯಿಸಲೇಬೇಕು, ನಮ್ಮ ಜನ ಬದಲಾಯಿಸುವುದಿಲ್ಲ. ಚೆನ್ನಾಗಿ ಓಡುತ್ತಿರುವ ಗಾಡಿಯ ಹೊಟ್ಟೆ ಬಿಚ್ಚುವುದೆಂದರೆ ನಮಗೆ ಆಗಿಬರದು. ಸದ್ದು ಮಾಡುವುದು ಬಾಳುತ್ತದೆ, ಸುಮ್ಮನಿರುವುದು ಹೇಳದೆ ಕೇಳದೆ ಕೈಕೊಡುತ್ತದೆ. ಇದು ಇಂಜಿನ್ನಿಗೆ ಸಂಬಂಧಪಟ್ಟ ಮಾತು ಎಂದು ಶ್ಯಾಮಣ್ಣ ಒತ್ತಿ ಹೇಳುತ್ತಿದ್ದ, ಯಾಕೆಂದರೆ ಒಂದು ಸಲ ಭದ್ರಮ್ಮ ತಪ್ಪು ತಿಳಿದಿದ್ದಳು.

ಅವನಿಗೊಂದು ಕಿವಿಯಿತ್ತು. ಬೆಲ್ಟು ಕೀಳುವುದಕ್ಕೆ ಅರ್ಧ ಗಂಟೆ ಮುಂಚೆ ಅದರ ಸ್ವರ ಕೊಂಚ ಒಡೆಯುತ್ತದೆಂದು ಅವನು ಹೇಳುತ್ತಿದ್ದ. ಕಂಪ್ಯೂಟರಿಗೆ ಅದು ಕೇಳಿಸುತ್ತಿರಲಿಲ್ಲ, ಹಾಗಾಗಿ ಯಾವ ವರದಿಯಲ್ಲೂ ಅದು ಬರಲಿಲ್ಲ. ಆದರೂ ಅವನು ಎದ್ದು ಬೆಂಚಿನ ಹತ್ತಿರ ಹೋದನೆಂದರೆ ಉಳಿದವರು ಟೀ ಲೋಟ ಕೆಳಗಿಡುತ್ತಿದ್ದರು. ಅವನು ಬರೆದ ಗಂಟೆಯನ್ನು ಇಪ್ಪತ್ತೇಳು ವರ್ಷದಲ್ಲಿ ಯಾರೂ ಪ್ರಶ್ನಿಸಿರಲಿಲ್ಲ. ಅದು ಅವನ ಆಸ್ತಿ.

ನಿವೃತ್ತಿಗೆ ಒಂಬತ್ತು ತಿಂಗಳಿದ್ದಾಗ ಹೊಸ ಬೆಲ್ಟೊಂದು ಬಂತು. ತಂದವನು ಶ್ರೀಧರ್, ಡಿಸೈನ್ ಇಂಜಿನಿಯರು, ಮೂವತ್ತರ ಆಸುಪಾಸಿನ ಸಂಭಾವಿತ ಹುಡುಗ. ಈ ಬೆಲ್ಟು ಗಾಳಿಯಲ್ಲಿ ಓಡುವುದಲ್ಲ, ಇಂಜಿನ್ ಆಯಿಲಿನೊಳಗೇ ಮುಳುಗಿ ಓಡುವುದು. ಸದ್ದಿಲ್ಲ, ಇಂಜಿನ್ನು ಎರಡು ಬೆರಳು ಸಣ್ಣದಾಗುತ್ತದೆ, ಪೆಟ್ರೋಲೂ ಚೂರು ಉಳಿಯುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಬದಲಾಯಿಸುವ ಗೋಜೇ ಇಲ್ಲ.

‘ಲೈಫ್‌ಟೈಮ್ ಬೆಲ್ಟ್, ಶ್ಯಾಮಣ್ಣ,’ ಎಂದ ಶ್ರೀಧರ್.

‘ಯಾರ ಲೈಫು ಸಾರ್? ಕಾರಿಂದಾ, ಓನರ್‌ದಾ?’

ಶ್ರೀಧರ್ ನಕ್ಕ. ‘ವಾರಂಟಿದು.’

ರಬ್ಬರಿಗೂ ಎಣ್ಣೆಗೂ ಆಗಿಬರುವುದಿಲ್ಲ ಎಂದು ಐಟಿಐನಲ್ಲಿ ಓದಿದ್ದ ಶ್ಯಾಮಣ್ಣನಿಗೆ ಇದು ಸೊಸೆಯನ್ನೂ ಅತ್ತೆಯನ್ನೂ ಒಂದೇ ಕೋಣೆಯಲ್ಲಿ ಕೂಡಿಹಾಕಿ ಬೀಗ ಹಾಕಿದಂತೆ ಕಂಡಿತು. ಆದರೆ ಟೆಸ್ಟು ಇರುವುದೇ ಅದನ್ನು ನೋಡಲು. ಕಾರಿನ ಕಂಪನಿ ಕೊಟ್ಟ ನಿಯಮ ಸ್ಪಷ್ಟವಾಗಿತ್ತು: ಕಾದ ಎಣ್ಣೆಯಲ್ಲಿ ಎಡೆಬಿಡದೆ ಮೂರು ಸಾವಿರ ಗಂಟೆ. ಜೂನ್ ಮಧ್ಯದಲ್ಲಿ ನಾಲ್ಕನೇ ಬೆಂಚಿನಲ್ಲಿ ಬೆಲ್ಟು ಓಡತೊಡಗಿತು.

ಈ ಬೆಲ್ಟು ಪಾಸಾದರೆ ದೊಡ್ಡ ಆರ್ಡರು, ಆರ್ಡರು ಬಂದರೆ ಹೊಸ ಲೈನು, ಹೊಸ ಲೈನಿಗೆ ಹದಿನೆಂಟು ಕಾಂಟ್ರ್ಯಾಕ್ಟ್ ಕೆಲಸಗಾರರನ್ನು ಪರ್ಮನೆಂಟ್ ಮಾಡುವುದು ಎಂದು ಪ್ಲಾಂಟ್ ಮ್ಯಾನೇಜರ್ ಮುನಿಕೃಷ್ಣ ಪಟ್ಟಿಯನ್ನೇ ಹಾಕಿಸಿಬಿಟ್ಟಿದ್ದ. ಪಟ್ಟಿಯಲ್ಲಿ ಬಸಲಿಂಗನ ಹೆಸರಿತ್ತು. ಬಸಲಿಂಗ ಲಿಂಗಸುಗೂರು ಕಡೆಯವನು, ಹೆಂಡತಿ ಸವಿತಾಳೊಂದಿಗೆ ಶ್ಯಾಮಣ್ಣನ ಮೊದಲನೇ ಬಾಡಿಗೆ ಮನೆಯಲ್ಲಿದ್ದ, ಶ್ಯಾಮಣ್ಣನ ಮಾತಿನ ಮೇಲೇ ಕಾರ್ಖಾನೆಗೆ ಸೇರಿದ್ದ. ಏಳು ವರ್ಷದಿಂದ ಅವನನ್ನು ಹನ್ನೊಂದು ತಿಂಗಳಿಗೊಮ್ಮೆ ಕೆಲಸದಿಂದ ಬಿಡಿಸಿ, ಹದಿನೈದು ದಿನ ಮನೆಯಲ್ಲಿ ಕೂರಿಸಿ, ಮತ್ತೆ ಹೊಸಬನೆಂದು ಸೇರಿಸಿಕೊಳ್ಳುತ್ತಿದ್ದರು. ಆ ಹದಿನೈದು ದಿನ ಅವನು ಯಾರ ಕಣ್ಣಿಗೂ ಬೀಳದಂತೆ ಓಡಾಡುವುದನ್ನು ಶ್ಯಾಮಣ್ಣ ಏಳು ಸಲ ನೋಡಿದ್ದ, ಏಳು ಸಲವೂ ಅವನಿಗೆ ಸಂಕಟವಾಗಿತ್ತು.

ಬೆಲ್ಟು ಚೆನ್ನಾಗಿಯೇ ಓಡಿತು. ಸಾವಿರ ಗಂಟೆ, ಎರಡು ಸಾವಿರ ಗಂಟೆ. ಅತ್ತೆ ಸೊಸೆ ಅನ್ಯೋನ್ಯವಾಗಿದ್ದಾರೆಂದು ಶ್ಯಾಮಣ್ಣನೂ ಒಪ್ಪಿಕೊಂಡ. ಎರಡು ಸಾವಿರದ ಎಂಟುನೂರು ದಾಟುವಷ್ಟರಲ್ಲಿ ಆಯುಧಪೂಜೆ ಬಂತು.

ಪೀಣ್ಯದಲ್ಲಿ ಆಯುಧಪೂಜೆಯೆಂದರೆ ಏನೆಂದು ಪೀಣ್ಯದವರಿಗೆ ಹೇಳಬೇಕಾಗಿಲ್ಲ. ವರ್ಷವೆಲ್ಲ ಕಿವಿ ಕಿತ್ತುಹೋಗುವಂತೆ ಅರಚುವ ಲೇತು, ಪ್ರೆಸ್ಸು, ಕಂಪ್ರೆಸರುಗಳೆಲ್ಲ ಆವತ್ತು ಸ್ನಾನ ಮಾಡಿ, ಹೂ ಮುಡಿದು, ಕುಂಕುಮ ಇಟ್ಟುಕೊಂಡು ತೆಪ್ಪಗಿರುತ್ತವೆ. ರಸ್ತೆ ತುಂಬ ಒಡೆದ ಬೂದುಗುಂಬಳ, ಗೇಟಿಗೆ ಬಾಳೆಕಂದು, ಎಲ್ಲರ ಕೈಯಲ್ಲೂ ಕಡ್ಲೆಪುರಿ ಪೊಟ್ಟಣ. ಪೂಜೆ ಆದ ಯಂತ್ರವನ್ನು ಯಾರೂ ಮುಟ್ಟುವುದಿಲ್ಲ. ಆ ಸಲ ಶುಕ್ರವಾರ ಪೂಜೆ, ಶನಿವಾರ ವಿಜಯದಶಮಿ, ಮಾರನೇ ದಿನ ಭಾನುವಾರ. ಹೆಡ್ಡಾಫೀಸಿನಿಂದ ಮೇಲ್ ಬಂತು: ನಾಲ್ಕನೇ ಬೆಂಚು ನಿಲ್ಲಕೂಡದು.

‘ಪೂಜೆ ಮಾಡಿ ಶ್ಯಾಮಣ್ಣ, ಬೇಡ ಅನ್ನಲ್ಲ. ಓಡ್ತಾ ಇರೋವಾಗ್ಲೇ ಮಾಡಿ,’ ಎಂದ ಶ್ರೀಧರ್.

‘ಓಡ್ತಿರೋದಕ್ಕೆ ಕುಂಕುಮ ಇಡೋದೆಂಗೆ ಸಾರ್? ನಿಂತ್ಕೊಂಡ್ರೆ ತಾನೆ ಪೂಜೆ?’

ಮುನಿಕೃಷ್ಣನೂ ಹೆಸರಘಟ್ಟ ಕಡೆಯ ಸ್ಥಳೀಕ. ‘ಮೂರು ದಿನ ತಾನೆ, ಬೆಲ್ಟೇನು ಓಡೋಗುತ್ತಾ?’ ಎಂದು ಶ್ರೀಧರನ ಬೆನ್ನು ತಟ್ಟಿದ. ಅಲ್ಲದೆ ಆ ಮೂರು ದಿನ ಡ್ಯೂಟಿಗೆ ಬರುತ್ತೇನೆಂದ ಒಬ್ಬ ಮನುಷ್ಯನೂ ಸಿಕ್ಕಲಿಲ್ಲ. ಶುಕ್ರವಾರ ಹತ್ತು ಗಂಟೆಗೆ, ಎರಡು ಸಾವಿರದ ಎಂಟುನೂರ ಅರವತ್ತನಾಲ್ಕನೇ ಗಂಟೆಯಲ್ಲಿ, ಶ್ಯಾಮಣ್ಣ ಬೆಂಚು ನಿಲ್ಲಿಸಿದ. ಎಣ್ಣೆಯ ತೊಟ್ಟಿಯ ಮುಚ್ಚಳ ಬಿಗಿಯಾಗಿದೆಯೇ ಎಂದು ನೋಡಿ, ಮೇಲೊಂದು ಪ್ಲಾಸ್ಟಿಕ್ ಹಾಳೆ ಹೊದಿಸಿ, ಕುಂಕುಮವನ್ನು ಹೊರಗಿನ ಕಂಬಕ್ಕೆ ಮಾತ್ರ ಇಟ್ಟ. ಕಾಯಿ ಒಡೆದದ್ದು ಐದಡಿ ದೂರದ ಕಲ್ಲಿನ ಮೇಲೆ.

ಸೋಮವಾರ ಬೆಳಗ್ಗೆ ನಿಂಬೆಹಣ್ಣು ಕುಯ್ದು ಸ್ವಿಚ್ಚು ಒತ್ತಿದ. ಹತ್ತು ನಿಮಿಷಕ್ಕೆ ಅವನ ಕಿವಿ ನೆಟ್ಟಗಾಯಿತು. ನಲವತ್ತು ನಿಮಿಷಕ್ಕೆ ಬೆಲ್ಟಿನ ಒಳಮೈಯ ಹಲ್ಲುಗಳು ಬುಡಸಮೇತ ಕಿತ್ತು ಎಣ್ಣೆಯಲ್ಲಿ ತೇಲುತ್ತಿದ್ದವು.

ಅವನು ಕಿತ್ತ ಬೆಲ್ಟನ್ನು ಬೆಳಕಿಗೆ ಹಿಡಿದು ನೋಡಿದ. ನಾಲ್ಕು ತಿಂಗಳು ಕಾದ ಎಣ್ಣೆ ಕುಡಿದು ಉಬ್ಬಿದ್ದ ರಬ್ಬರು ಮೂರು ದಿನ ತಣ್ಣಗೆ ನಿಂತಾಗ ಹಲ್ಲಿನ ಬುಡದಲ್ಲೆಲ್ಲ ಸೀಳಿತ್ತು. ಓಡುತ್ತಲೇ ಇದ್ದಿದ್ದರೆ ಗೊತ್ತಾಗುತ್ತಲೇ ಇರಲಿಲ್ಲ. ಯಾವ ಕಾರು ನಾಲ್ಕು ತಿಂಗಳು ನಿಲ್ಲದೆ ಓಡುತ್ತದೆ? ಮನೆ ಮುಂದೆ ನಿಲ್ಲುತ್ತದೆ, ಆಫೀಸಿನ ಮುಂದೆ ನಿಲ್ಲುತ್ತದೆ, ಮಾಲೀಕರು ತಿರುಪತಿಗೆ ರೈಲಿನಲ್ಲಿ ಹೋದರೆ ಮೂರು ದಿನ ನಿಂತೇ ಇರುತ್ತದೆ. ಇಷ್ಟೊಂದು ಓದಿದವರು ಬರೆದ ನಿಯಮದಲ್ಲಿ ಕಾರು ನಿಲ್ಲುತ್ತದೆ ಎಂಬ ಒಂದು ವಿಷಯ ಮಾತ್ರ ಬಿಟ್ಟುಹೋಗಿತ್ತು. ಶ್ಯಾಮಣ್ಣನಿಗೆ ಹೆಮ್ಮೆಯಾಯಿತು. ಕೊನೇ ವರ್ಷದಲ್ಲಿ ತನ್ನ ಬೆಂಚು ಎಂಥ ದೊಡ್ಡ ವಿಷಯ ಹಿಡಿದುಕೊಟ್ಟಿತು ಎಂದು ಸ್ಪಷ್ಟ ಅಕ್ಷರದಲ್ಲಿ ಗಂಟೆ ಬರೆದು, ಕಾರಣವನ್ನೂ ಬರೆದು, ಯಾರಾದರೂ ಬಂದು ಶಭಾಷ್ ಅನ್ನಲಿ ಎಂದು ಕಾದ.

ಎರಡು ದಿನದ ಮೇಲೆ ಬಂದದ್ದು ಮೀಟಿಂಗಿನ ಕರೆ. ಕಾರ್ಖಾನೆಯಲ್ಲೊಂದು ಪದ್ಧತಿಯಿತ್ತು: ಏನೇ ಕೆಟ್ಟರೂ ಬೋರ್ಡಿನ ಮೇಲೆ ಐದು ಸಲ ‘ಯಾಕೆ’ ಎಂದು ಕೇಳುತ್ತ ಹೋಗಬೇಕು, ಐದನೆಯದಕ್ಕೆ ಬರುವ ಉತ್ತರವೇ ಮೂಲ ಕಾರಣ. ಬೆಲ್ಟು ಯಾಕೆ ಕಿತ್ತಿತು? ಹಲ್ಲು ಬಿತ್ತು. ಹಲ್ಲು ಯಾಕೆ ಬಿತ್ತು? ರಬ್ಬರು ಸೀಳಿತು. ಯಾಕೆ ಸೀಳಿತು? ಎಣ್ಣೆ ಕೆಟ್ಟಿತ್ತು. ಎಣ್ಣೆ ಯಾಕೆ ಕೆಟ್ಟಿತು? ನೀರು ಸೇರಿತ್ತು. ನೀರು ಯಾಕೆ ಸೇರಿತು? ಎಲ್ಲರೂ ಶ್ಯಾಮಣ್ಣನ ಕಡೆ ನೋಡಿದರು. ಐದನೇ ಸಾಲಿನಲ್ಲಿ ಶ್ರೀಧರ್ ಬರೆದ: ಕಾಯಿನೀರು. ಆರನೇ ಯಾಕೆ ಕೇಳುವ ಪದ್ಧತಿ ಇರಲಿಲ್ಲ.

‘ಎಣ್ಣೆ ಪರೀಕ್ಷೆ ಮಾಡ್ಸಿ ಸಾರ್. ಒಂದು ತೊಟ್ಟು ನೀರು ಸಿಕ್ಕಿದ್ರೆ ನಾಳೆಯಿಂದ ಬರಲ್ಲ,’ ಎಂದ ಶ್ಯಾಮಣ್ಣ. ಎಣ್ಣೆಯನ್ನು ಆಗಲೇ ಚೆಲ್ಲಿ ತೊಟ್ಟಿ ತೊಳೆದಾಗಿದೆ ಎಂದರು. ಶುಚಿತ್ವದ ವಿಷಯದಲ್ಲಿ ಕಾರ್ಖಾನೆ ಬಹಳ ಕಟ್ಟುನಿಟ್ಟು.

ಮಧ್ಯಾಹ್ನ ಕ್ಯಾಂಟೀನಿನ ಹಿಂದೆ ಶ್ರೀಧರ್ ಅವನನ್ನು ಹಿಡಿದ. ಹುಡುಗನ ಮುಖ ಬಾಡಿಹೋಗಿತ್ತು.

‘ನಂಗೂ ಗೊತ್ತು ಶ್ಯಾಮಣ್ಣ, ಅದು ಕಾಯಿನೀರಲ್ಲ. ಆದ್ರೆ ಕಾರ್ ಕಂಪನಿ ಕೊಟ್ಟಿರೋ ಟೆಸ್ಟ್‌ನಲ್ಲಿ ನಿಲ್ಸೋದೇ ಇಲ್ಲ. ನಾವು ಫೇಲ್ ಅಂತ ಕಳಿಸಿದ್ರೆ ಆರ್ಡರ್ ಬೇರೆಯವ್ರಿಗೆ ಹೋಗುತ್ತೆ. ಅವ್ರದ್ದೂ ಇದೇ ರಬ್ಬರು. ಬೆಲ್ಟ್ ಹೆಂಗಿದ್ರೂ ರೋಡಿಗೆ ಬರುತ್ತೆ. ನಮ್ಮ ಹದಿನೆಂಟು ಜನ ಮಾತ್ರ ಮನೇಗೆ ಹೋಗ್ತಾರೆ.’

ಕೈಯಲ್ಲೊಂದು ಕಾಗದವಿತ್ತು. ಪೂಜೆಯ ಸಮಯದಲ್ಲಿ ನನ್ನ ಅಜಾಗರೂಕತೆಯಿಂದ ಎಣ್ಣೆಗೆ ಕಾಯಿನೀರು ಸೇರಿರುತ್ತದೆ, ಆದ್ದರಿಂದ ಈ ಟೆಸ್ಟನ್ನು ರದ್ದು ಮಾಡಿ ಹೊಸದಾಗಿ ನಡೆಸಬಹುದು. ಕೆಳಗೆ ಸಹಿಗೆ ಜಾಗ. ಶ್ಯಾಮಣ್ಣ ಅದನ್ನು ಮಡಿಸಿ ಜೇಬಿಗಿಟ್ಟುಕೊಂಡು, ನಾಳೆ ಹೇಳುತ್ತೇನೆ ಎಂದ.

ಆ ಸಂಜೆ ಮನೆ ಮುಂದಿನ ಜಗಲಿಯ ಮೇಲೆ ಕೂತವನು ಕಾಫಿ ತಣ್ಣಗಾದರೂ ಕುಡಿಯಲಿಲ್ಲ. ಸಹಿ ಹಾಕಿದರೆ ಇಪ್ಪತ್ತೇಳು ವರ್ಷ ಕಟ್ಟಿದ ಹೆಸರಿಗೆ ತಾನೇ ಮಸಿ ಬಳಿದಂತೆ. ಅದಾದರೂ ತನ್ನ ಪಾಡು. ಆ ಬೆಲ್ಟು ಹಾಕಿಕೊಂಡು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ನೆಲಮಂಗಲದ ಹೈವೇಯಲ್ಲಿ ಹೋಗುವವನ ಇಂಜಿನ್ನು ಲಾರಿಗಳ ನಡುವೆ ತಟ್ಟನೆ ನಿಂತರೆ? ಅವನ ಮುಖ ಹೇಗಿರುತ್ತದೆಂದು ಯೋಚಿಸಲು ನೋಡಿದ. ಯಾವ ಮುಖವೂ ಬರಲಿಲ್ಲ. ಅಷ್ಟರಲ್ಲಿ ಬಿಂದಿಗೆ ಹಿಡಿದು ನಲ್ಲಿಯ ಹತ್ತಿರ ಬಂದ ಸವಿತಾಳ ಮುಖ ಮಾತ್ರ ಮೂರಡಿ ದೂರದಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು.

‘ಅಣ್ಣಾರ, ಪಟ್ಟಿ ಖರೇ ಏನ್ರಿ? ಇವ್ರು ಎರಡು ದಿನದಿಂದ ಸರಿಯಾಗಿ ಉಣವಲ್ರು. ಈ ಸಲಾನೂ ಆಗಲಿಲ್ಲಂದ್ರ ಊರಿಗೆ ಹೋಗೂಣು ಅಂತಾರ,’ ಎಂದಳು.

‘ಆಗ್ತದೆ ಓಗಮ್ಮ,’ ಎಂದ ಶ್ಯಾಮಣ್ಣ. ಬಾಯಿಂದ ಮಾತು ಹೊರಟ ಮೇಲೆ ಕೈಗೆ ಬೇರೆ ಕೆಲಸ ಉಳಿಯಲಿಲ್ಲ. ಬೆಳಗ್ಗೆ ಸಹಿ ಹಾಕಿದ. ಹಾಕಿದ್ದನ್ನು ಮನೆಯಲ್ಲಿ ಭದ್ರಮ್ಮನಿಗೂ ಹೇಳಲಿಲ್ಲ.

ಆಮೇಲಿನದೆಲ್ಲ ಸಲೀಸು. ಹೊಸ ಬೆಲ್ಟು ಹಾಕಿದರು. ಕರೆಂಟು ಹೋದರೆ ನಿಲ್ಲಬಾರದೆಂದು ಎರಡು ಜನರೇಟರು ತರಿಸಿದರು. ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು, ನಾಲ್ಕನೇ ಬೆಂಚು ಉಸಿರು ಬಿಡದೆ ಓಡಿ ಮೂರು ಸಾವಿರ ಗಂಟೆ ಮುಗಿಸಿತು. ಕೇಕು ಕತ್ತರಿಸಿದರು. ಟೆಸ್ಟ್ ವಿಭಾಗದೊಳಗೆ ತೆಂಗಿನಕಾಯಿ ತರಕೂಡದೆಂದು ನೋಟೀಸು ಹಾಕಿದರು. ಹುಡುಗರು ಬೆನ್ನ ಹಿಂದೆ ‘ಕಾಯಿನೀರು ಶ್ಯಾಮಣ್ಣ’ ಎನ್ನತೊಡಗಿದರು, ಸ್ವಲ್ಪ ದಿನದ ಮೇಲೆ ಮುಂದೆಯೇ ಅಂದರು. ಅವನು ಎದ್ದು ಬೆಂಚಿನ ಹತ್ತಿರ ಹೋದರೆ ಈಗ ಯಾರೂ ಟೀ ಲೋಟ ಕೆಳಗಿಡುತ್ತಿರಲಿಲ್ಲ.

ಮಾರ್ಚಿನಲ್ಲಿ ಬೀಳ್ಕೊಡುಗೆ. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಮುನಿಕೃಷ್ಣ ಮೈಕು ಹಿಡಿದು, ತಪ್ಪು ಯಾರು ಮಾಡೋದಿಲ್ಲ, ಆದರೆ ಮಾಡಿದ ತಪ್ಪನ್ನು ಬರೆದುಕೊಟ್ಟು ಒಪ್ಪಿಕೊಂಡ ದೊಡ್ಡ ಗುಣ ನಮ್ಮ ಶ್ಯಾಮಣ್ಣನದು ಎಂದು ಹೊಗಳಿದ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಶ್ರೀಧರ್. ತಟ್ಟುವಾಗ ನೆಲ ನೋಡುತ್ತಿದ್ದ. ಏಪ್ರಿಲಿನಲ್ಲಿ ಬಸಲಿಂಗ ಪರ್ಮನೆಂಟ್ ಆದ. ಸವಿತಾ ಹೋಳಿಗೆ ಮಾಡಿ ತಂದುಕೊಟ್ಟಳು. ಹೋಳಿಗೆ ಚೆನ್ನಾಗಿತ್ತು, ಶ್ಯಾಮಣ್ಣ ಮೂರು ತಿಂದ.

ನಿವೃತ್ತನಿಗೆ ಹೊತ್ತು ಹೋಗಬೇಕಲ್ಲ. ಜಾಲಹಳ್ಳಿ ಕ್ರಾಸಿನ ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗ ಕಿಟಕಿಯಿಂದ ಆ ಬೆಲ್ಟು ಕೊಂಡ ಕಂಪನಿಯ ಹೊಸ ಕಾರುಗಳನ್ನು ಎಣಿಸುವ ಚಟ ಅವನಿಗೆ ಹತ್ತಿತು. ಒಂದೇ ಮಾದರಿಯನ್ನು ಎರಡು ಇಂಜಿನ್ನಿನಲ್ಲಿ ಮಾರುತ್ತಿದ್ದರು. ಒಂದು ಹಳೇ ಕಾಲದ ಚೈನಿನದು, ಇನ್ನೊಂದು ಎಣ್ಣೆಯೊಳಗಿನ ಬೆಲ್ಟಿನದು. ಹೊರಗಿನಿಂದ ಎರಡೂ ಅವಳಿಜವಳಿ. ಮೊದಲ ವಾರ ಮೂರು ಕಂಡವು, ವರ್ಷ ತಿರುಗುವಷ್ಟರಲ್ಲಿ ಎಣಿಕೆ ತಪ್ಪಿಹೋಯಿತು. ಕಾರು ಸಿಗ್ನಲ್ಲಿನಲ್ಲಿ ಇಂಜಿನ್ ಆರಿಸಿ ನಿಲ್ಲುತ್ತಿತ್ತು. ಪ್ರತಿ ಸಲ ನಿಂತಾಗಲೂ ಅವನ ಕಿವಿ ನೆಟ್ಟಗಾಗುತ್ತಿತ್ತು.

ಹೀಗಿರುವಾಗ ಒಂದು ಸಂಜೆ ಬಸಲಿಂಗ ಓಡಿಬಂದ. ‘ಅಣ್ಣಾರ, ಕಾರು ತಗೊಂಡೀನ್ರಿ! ಪರ್ಮನೆಂಟ್ ಆದವ್ರಿಗೆ ಕಂಪನಿಯಿಂದ ಸ್ಕೀಮ್ ಐತಿ. ನಾಳೆ ಬರತೈತಿ, ಪೂಜಿ ನೀವ ಮಾಡಬೇಕು.’ ಯಾವ ಕಾರು ಎಂದು ಕೇಳಬೇಕಾಗಿರಲಿಲ್ಲ. ಸ್ಕೀಮು ಇದ್ದದ್ದು ಆ ಒಂದೇ ಮಾದರಿಗೆ, ಬೆಲ್ಟು ಮಾಡುವವನು ಬೆಲ್ಟಿನದನ್ನಲ್ಲದೆ ಇನ್ನೇನು ಕೊಂಡಾನು?

ಯಾವನ ಕೆಲಸ ಉಳಿಸಲು ಶ್ಯಾಮಣ್ಣ ಸಹಿ ಹಾಕಿದನೋ ಅವನೇ ಹೆಂಡತಿಯನ್ನು ಕೂರಿಸಿಕೊಂಡು ಆ ಬೆಲ್ಟಿನ ಮೇಲೆ ಲಿಂಗಸುಗೂರಿಗೆ ಹೊರಡುತ್ತಾನೆ. ಸುಮ್ಮನಿದ್ದರೆ ಪಾಪ, ಬಾಯಿಬಿಟ್ಟರೆ ತಾನು ಸುಳ್ಳು ಬರೆದವನು ಎಂದು ಈ ಹುಡುಗನ ಮುಂದೆ ಒಪ್ಪಿಕೊಳ್ಳಬೇಕು. ರಾತ್ರಿಯಿಡೀ ಹೊರಳಾಡಿ, ಬೆಳಗ್ಗೆ ಎದ್ದವನು ಹೇಳಿಯೇಬಿಡುವುದೆಂದು ಗಟ್ಟಿ ಮಾಡಿಕೊಂಡ.

ಶ್ಯಾಮಣ್ಣ ಸ್ನಾನ ಮುಗಿಸಿ ಬರುವಷ್ಟರಲ್ಲಿ ಕಾರು ಬಂದು ನಿಂತಿತ್ತು. ಬಿಳೀ ಬಣ್ಣ, ಮುಂದೆ ಸೇವಂತಿಗೆ ಹಾರ. ಭದ್ರಮ್ಮ ತಟ್ಟೆಯಲ್ಲಿ ಅರಿಶಿನ ಕುಂಕುಮ ಹಿಡಿದು ಬಂದಳು. ಸವಿತಾ ಸೀರೆ ಸೆರಗು ಸರಿಮಾಡಿಕೊಂಡು ನಿಂತಳು. ಶ್ಯಾಮಣ್ಣ ಬಸಲಿಂಗನ ತೋಳು ಹಿಡಿದು ಕಾರಿನ ಹಿಂಬದಿಗೆ ಕರೆದೊಯ್ದ.

‘ಬಸಲಿಂಗ, ಪೂಜೆ ಆಮ್ಯಾಕೆ. ಒಂದು ಮಾತು ಏಳ್ಬೇಕು. ಅವತ್ತು ಬೆಂಚಿಗೆ ಕಾಯಿನೀರು ಬಿದ್ದಿರ್ಲಿಲ್ಲ ಕಣೋ. ನಾನು ಸುಳ್ಳು ಬರ್ಕೊಟ್ಟೆ. ಆ ಬೆಲ್ಟು ನಿಂತು ನಿಂತು ಓಡಿದ್ರೆ ತಡೆಯಾಕಿಲ್ಲ. ಈ ಕಾರು ವಾಪಸ್ ಕೊಟ್ಬುಡು.’

ಬಸಲಿಂಗ ಗಾಬರಿಯಾಗಲಿಲ್ಲ. ಅವನ ಮುಖದಲ್ಲಿ ಕಂಡದ್ದು ಸ್ವಲ್ಪ ಮುಜುಗರ, ಅಷ್ಟೆ.

‘ಗೊತ್ತೈತ್ರಿ ಅಣ್ಣಾರ. ಪೂಜಿ ಆದ ಮ್ಯಾಲ ನೆಲ ಒರಿಸಿದಾಂವ ನಾನ. ಬೆಂಚಿನ ಮ್ಯಾಲ ಒಂದು ಹನಿ ಇರಲಿಲ್ಲ.’

‘ಗೊತ್ತಿತ್ತಾ? ಮತ್ತೆ ಬಾಯಿ ಬಿಡ್ಲಿಲ್ಲ?’

‘ನನ್ನ ಹೆಸರು ಪಟ್ಟ್ಯಾಗ ಇತ್ತಲ್ರಿ.’

ಶ್ಯಾಮಣ್ಣ ಕಾರಿನ ಡಿಕ್ಕಿ ತಟ್ಟಿದ. ‘ಅಂಗಾದ್ರೆ ಇದನ್ಯಾಕೋ ತಗೊಂಡೆ?’

‘ಇದು ಚೈನಿಂದ್ರಿ!’ ಬಸಲಿಂಗ ಖುಷಿಯಿಂದ ಕೀಲಿ ತಿರುಗಿಸಿ ಇಂಜಿನ್ ಚಾಲೂ ಮಾಡಿದ. ಒಳಗಿನಿಂದ ಗರಗರ ಸದ್ದು ಬಂತು. ‘ಕೇಳ್ರಿ ನೀವ. ಶ್ರೀಧರ್ ಸರ್ ಸೈತ ಚೈನಿಂದ ತಗೊಂಡಾರ. ಮುನಿಕೃಷ್ಣ ಸರ್ ಮಗಳಿಗೂ ಇದ. ನಮ್ಮ ಪಾರ್ಕಿಂಗ್‌ನಾಗ ಬಂದು ನೋಡ್ರಿ, ಹದಿನೆಂಟು ಮಂದ್ಯಾಗ ಒಬ್ಬಾಂವಾ ಬೆಲ್ಟಿಂದು ತಗೊಂಡಿಲ್ಲ.’

ಶ್ಯಾಮಣ್ಣನಿಗೆ ನಿರಾಳವಾಗಬೇಕಿತ್ತು, ಆಯಿತು ಕೂಡ, ಒಂದು ಕ್ಷಣ. ಆಮೇಲೆ ಕೇಳಿದ: ‘ಅಂಗಾದ್ರೆ ಆ ಬೆಲ್ಟಿಂದನ್ನ ಯಾರು ತಗೊಳ್ತಾವ್ರೆ?’

‘ಗೊತ್ತಿಲ್ಲದವ್ರು ತಗೋತಾರ್ರಿ,’ ಎಂದ ಬಸಲಿಂಗ. ಅದರಲ್ಲಿ ಕೆಡುಕೇನೂ ಇರಲಿಲ್ಲ. ಮಳೆಗಾಲದಲ್ಲಿ ಮಳೆ ಬರುತ್ತದೆ ಎನ್ನುವ ಹಾಗೆ ಹೇಳಿ, ಜಾರುತ್ತಿದ್ದ ಹಾರವನ್ನು ಸರಿಮಾಡಲು ಮುಂದೆ ಹೋದ.

ಭದ್ರಮ್ಮ ಕೂಗಿದಳು. ಶ್ಯಾಮಣ್ಣ ಹೋಗಿ ಕುಂಕುಮ ಹಚ್ಚಿದ, ಆರತಿ ಎತ್ತಿದ, ಚಕ್ರದಡಿ ನಿಂಬೆಹಣ್ಣಿಟ್ಟ. ಎಲ್ಲರೂ ಕೈಮುಗಿದರು. ಅವನಿಗೆ ಬಹಳ ನಾಚಿಕೆಯಾಗುತ್ತಿತ್ತು, ಮತ್ತು ಅದನ್ನು ಹೇಳಿಕೊಳ್ಳ­ಬೇಕಾದವರು ಅಲ್ಲಿ ಯಾರೂ ಇರಲಿಲ್ಲ. ಗೇಟಿನಾಚೆ ರಸ್ತೆಯಲ್ಲಿ ಅದೇ ಮಾದರಿಯ ಬಿಳೀ ಕಾರೊಂದು ಸದ್ದಿಲ್ಲದೆ ಬಂದು, ಇವರ ಪೂಜೆ ಮುಗಿದು ದಾರಿ ಬಿಡಲೆಂದು ಇಂಜಿನ್ ಆರಿಸಿ ನಿಂತಿತು. ಒಳಗೆ ಕೂತಿದ್ದ ಹೆಂಗಸು ಕಿಟಕಿ ಇಳಿಸಿ, ಹೊಸ ಕಾರಿಗೆ ಕೈಮುಗಿದು, ‘ನಮ್ಮದೂ ಇದೇ ಸಾರ್, ತುಂಬಾ ಚೆನ್ನಾಗಿದೆ, ಒಂಚೂರು ಸೌಂಡ್ ಇಲ್ಲ,’ ಎಂದು ಶ್ಯಾಮಣ್ಣನನ್ನು ನೋಡಿ ನಕ್ಕಳು.